ಆನೆ ಇದೆ ಎಂದ ದಾರಿ

ಅಕ್ಕನಿಗೆ ಬಂದಿದ್ದ ಗಂಡಿನ ಮನೆ ನೋಡಲು ನಾವು ಹೆಗ್ಗಡದೇವನಕೋಟೆ ಸೀಮೆಗೆ ಹೋದದ್ದು ಅರವತ್ತೆಂಟನೇ ಇಸವಿಯಲ್ಲಿ, ಸಂಕ್ರಾಂತಿ ಕಳೆದ ಮೊದಲ ಭಾನುವಾರ. ನಮ್ಮದು ಭೇರ್ಯದ ಮಗ್ಗುಲಿನ ಹಳ್ಳಿ. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ಕೋಟೆ ದಾಟಿ ಇಳಿದರೆ ಅಲ್ಲಿಂದ ಕಾಲ್ನಡಿಗೆ. ಹೋದವರು ಮೂರೇ ಜನ: ಅಪ್ಪ, ನಾನು, ಸಂಬಂಧ ತಂದಿದ್ದ ದೂರದ ನೆಂಟ. ಅವರನ್ನು ನಾನು ಮಾವ ಎನ್ನುತ್ತಿದ್ದೆ.

ಬಸ್ಸು ಇಳಿದ ಜಾಗದಲ್ಲಿ ದಾರಿ ಎರಡಾಗುತ್ತಿತ್ತು. ಒಂದು ಕಪಿಲೆಯ ದಂಡೆ ಹಿಡಿದು ಸಮನಾಗಿ ಹೋಗುವ ಹೊಳೆದಾರಿ. ಇನ್ನೊಂದು ಬಿದಿರು, ತೇಗ ತುಂಬಿದ ಗುಡ್ಡ ಹತ್ತಿ ಆಚೆ ಇಳಿಯುವ ಕಾಲುದಾರಿ. ಮಾವ ಯೋಚನೆಯನ್ನೇ ಮಾಡದೆ ಗುಡ್ಡದ ಕಡೆ ತಿರುಗಿದರು.

"ಕೆಳಗಡೆ ಹತ್ರ ಆಯ್ತದಲ್ಲ?" ಎಂದರು ಅಪ್ಪ. ಅವರಿಗೆ ಮಂಡಿನೋವು.

"ಆನೆ ಅವೆ ಕಣಣ್ಣ. ಮರಿ ಆಕಿರೋ ಆನೆ. ಹೆಣ್ಣು ಕೊಡಕ್ಕೆ ಬಂದೋರ್ನ ಆನೆ ಕಾಲಿಗೆ ಕೊಡ್ಲಾ?"

ಕಾಡಂಚಿನ ಊರಿನಲ್ಲಿ ಆನೆ ಎಂದರೆ ಯಾರು ಎದುರಾಡುತ್ತಾರೆ? ಹತ್ತಿದೆವು. ಎದುರಿಗೆ ಸೌದೆ ಹೊತ್ತ ಹೆಂಗಸು ಸಿಕ್ಕಳು. ಅಪ್ಪ ದಾರಿ ಕೇಳುವ ಮೊದಲೇ ಅವಳು, "ಇಂಗೇ ಹೋಗಿ, ಕೆಳಗಡೆ ಆನೆ ಅವೆ" ಎಂದಳು. ದನ ಕಾಯುವವನೊಬ್ಬ ಅದನ್ನೇ ಹೇಳಿದ. ಜೇನು ಬಿಡಿಸಿಕೊಂಡು ಬರುತ್ತಿದ್ದ, ಕಾಡಿನವರ ಹಾಡಿಯ ಗಂಡಹೆಂಡಿರು ಮಾತ್ರ ಏನೂ ಹೇಳದೆ ಮಾವನ ಮುಖ ನೋಡಿ, ನಕ್ಕು, ಪಕ್ಕಕ್ಕೆ ಸರಿದರು. ಆ ನಗು ನನಗೆ ಸರಿಬೀಳಲಿಲ್ಲ. ದಿನವೂ ಕಂಡದ್ದನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ ನನ್ನದು. ಆನೆ ಎಂದವರು ಎಷ್ಟು ಮಂದಿ, ಎನ್ನದವರು ಎಷ್ಟು ಎಂದು ಮನಸ್ಸಿನಲ್ಲೇ ಗೆರೆ ಎಳೆಯುತ್ತಾ ನಡೆದೆ. ಕೇಳದವರಿಗೆ ಉತ್ತರ ಕೊಡುವ ಊರನ್ನು ನಾನು ಅದೇ ಮೊದಲು ಕಂಡದ್ದು.

ದಾರಿಯೂ ಅನುಮಾನ ತರಿಸುವಂತಿತ್ತು. ದಿನಾ ಜನ ಓಡಾಡುವ ಕಾಲುದಾರಿ ನುಣ್ಣಗೆ ಸವೆದಿರುತ್ತದೆ. ಇಲ್ಲಿ ಕಾಲಡಿಯಲ್ಲಿ ಹುಲ್ಲು. ಎರಡೂ ಕಡೆ ಲಾಂಟಾನದ ಪೊದೆಯನ್ನು ಒಂದೆರಡು ದಿನದ ಹಿಂದೆ ಮಚ್ಚಿನಿಂದ ಸವರಿದ್ದರು, ಕೊಯ್ದ ತುದಿ ಇನ್ನೂ ಹಸಿಯಾಗಿತ್ತು. ಕಡಿದ ಮುಳ್ಳನ್ನು ದಾರಿ ಪಕ್ಕಕ್ಕೆ ಎಸೆದಿದ್ದರೆ ಸಾಕಿತ್ತು. ಗುಡ್ಡ ಇಳಿದು ಊರು ಕಾಣುವ ಕಡೆ ಅದನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ಎರಡು ಕಡೆ ಗುಡ್ಡೆ ಹಾಕಿದ್ದರು. ಯಾಕೆ ಎಂದು ಕೇಳಿದೆ.

"ಬೇಲಿಗೆ ಕಣ್ಲಾ. ನಿಮ್ಮೂರಲ್ಲಿ ಬೇಲಿ ಆಕಲ್ವಾ?" ಎಂದರು ಮಾವ. ಅಲ್ಲಿ ಬೇಲಿ ಹಾಕುವಂಥ ಹೊಲವೇ ಇರಲಿಲ್ಲ.

ನಮ್ಮ ಕಡೆ ಮನೆ ನೋಡುವುದೆಂದರೆ ಕಾಫಿ ಕುಡಿದು ಬರುವುದಲ್ಲ. ಹೊಲದ ಮಣ್ಣು ಹಿಡಿದು ನೋಡುತ್ತಾರೆ, ಬಾವಿ ನೀರು ಕುಡಿಯುತ್ತಾರೆ, ರಾಗಿ ತುಂಬಿಟ್ಟ ಹಗೇವಿನ ಬಾಯಿ ಎಲ್ಲಿದೆ ಎಂದು ಕೇಳುತ್ತಾರೆ. ಎಲ್ಲವೂ ಚೆನ್ನಾಗಿತ್ತು. ಹೊಳೆ ಬದಿಯ ಕಪ್ಪು ಮಣ್ಣು ಬೆರಳಿಗೆ ಬೆಣ್ಣೆಯಂತೆ ಅಂಟಿತು. ಅಪ್ಪನ ಮುಖ ಅರಳಿತು.

ನನ್ನ ಕಣ್ಣು ಬೇರೆ ಕಡೆ ಹೋಯಿತು. ಇಷ್ಟು ಬೆಳೆಯುವ ಮನೆಯ ಮಾಡಿನಲ್ಲಿ ಒಡೆದ ಹೆಂಚು ಹಾಗೇ ಇತ್ತು. ಸಂಕ್ರಾಂತಿಗೂ ಗೋಡೆಗೆ ಸುಣ್ಣ ಬಿದ್ದಿರಲಿಲ್ಲ. ಪಕ್ಕದ ಮನೆಯದೂ ಅದೇ ಕತೆ. ಊರೆಲ್ಲ ಹುಡುಕಿದರೂ ಒಂದು ತೆಂಗಿನ ಸಸಿ ಇಲ್ಲ. ಮಾರಿಗುಡಿಯ ಜಗಲಿಯ ಮೇಲೆ ಮೀಸೆ ಬಂದ ಹುಡುಗರು ಸಾಲಾಗಿ ಕೂತು, ಪರೀಕ್ಷೆಯ ಫಲಿತಾಂಶ ಕಾಯುವವರ ಹಾಗೆ ನಮ್ಮನ್ನೇ ನೋಡುತ್ತಿದ್ದರು.

ಹೊರಡುವಾಗ ಗಂಡು ಊರ ತುದಿಯವರೆಗೆ ಬಂದ. ಒಳ್ಳೆಯ ಮೈಕಟ್ಟು, ಮಾತು ಕಡಿಮೆ. ಅಷ್ಟರಲ್ಲಿ ಹೊಳೆದಾರಿಯಿಂದ ಒಬ್ಬ ಮುದುಕಿ ಆಡುಗಳನ್ನು ಹೊಡೆದುಕೊಂಡು ನಿಧಾನವಾಗಿ ಬಂದಳು.

"ಅಜ್ಜಿ, ಆನೆ ಇಲ್ವಾ ಅಲ್ಲಿ?" ಎಂದೆ.

"ಯಾವಾನೆ?" ಎಂದಳು. ಮಾವ ಕೆಮ್ಮಿದರು. ಅವಳು ತಕ್ಷಣ, "ಊಂ, ಅವೆ ಅವೆ, ಬೇಕಾದಂಗವೆ" ಎಂದು ಆಡುಗಳ ಹಿಂದೆ ಓಡಿದಳು.

ಗಂಡು ನೆಲ ನೋಡುತ್ತಿದ್ದ.

ಮನೆಗೆ ಬಂದ ಮೇಲೆ ಅಪ್ಪ ಮಣ್ಣಿನ ಗುಣಗಾನ ಶುರುಮಾಡಿದರು. ನಾನು ಅಕ್ಕನಿಗೆ ಮಾತ್ರ ನನ್ನ ಅನುಮಾನ ಹೇಳಿದೆ. ಹೊಳೆದಾರಿಯಲ್ಲಿ ಎಲ್ಲೋ ಅವನಿಗೆ ಆಗಲೇ ಒಬ್ಬಳು ಹೆಂಡತಿ ಇದ್ದಾಳೆ. ಇಲ್ಲವೇ ಮನೆಯಲ್ಲಿ ಯಾರಿಗೋ ಕ್ಷಯ ಬಂದು ಆ ಕಡೆಯ ಗುಡಿಸಲಲ್ಲಿ ಇಟ್ಟಿದ್ದಾರೆ. ಇಲ್ಲವೇ ತೋರಿಸಿದ ಹೊಲ ಅವರದಲ್ಲ.

ಅಕ್ಕ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಇಷ್ಟೊಂದು ಅನುಮಾನ ಇಟ್ಕಂಡು ಇಲ್ಲಿ ಕೂತ್ಕಂಡಿದ್ದೀಯಲ್ಲ, ಹೋಗಿ ನೋಡ್ಕಂಡು ಬಾ. ಬಾಳಬೇಕಾದೋಳು ನಾನು, ನೀನಲ್ಲ" ಎಂದಳು.

ಮುಂದಿನ ಶನಿವಾರ ಹುಣಸೂರಿಗೆ ಹೊಗೆಸೊಪ್ಪಿನ ವಿಚಾರಕ್ಕೆ ಹೋಗುತ್ತೇನೆಂದು ಹೇಳಿ ಹೊರಟೆ. ಈ ಸಲ ಹೊಳೆದಾರಿ ಹಿಡಿದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿದಿರು ಲಟಕ್ಕೆಂದರೂ ನಿಲ್ಲುತ್ತಿದ್ದೆ. ಆದರೆ ದಾರಿ ನುಣ್ಣಗೆ ಸವೆದಿತ್ತು. ಗಾಡಿಯ ಗಾಲಿ ಗುರುತು, ದನದ ಗೊರಸು, ಮಕ್ಕಳ ಹೆಜ್ಜೆ. ಆನೆ ಲದ್ದಿ, ಹಳೆಯದು ಕೂಡ, ಎಲ್ಲೂ ಇಲ್ಲ. ಇಡೀ ಊರು ಓಡಾಡುತ್ತಿದ್ದುದು ಇಲ್ಲೇ.

ಹೊಳೆ ತಿರುಗುವ ಕಡೆ ಬಿದಿರು ಮುಗಿದು ಬಯಲು ತೆರೆಯಿತು. ಊರಿನಿಂದ ನೋಡಿದರೆ ಬಿದಿರಿನ ಮರೆಯಲ್ಲಿದ್ದ ಎದುರಿನ ಇಳಿಜಾರೆಲ್ಲ ಅಲ್ಲಿ ನಿಂತವನಿಗೆ ಒಟ್ಟಿಗೆ ಕಂಡಿತು. ಗುಡ್ಡದ ಸೊಂಟದ ಮಟ್ಟದಲ್ಲಿ ಸುಣ್ಣ ಬಳಿದ ಕಲ್ಲುಗಳು, ಒಂದರ ಪಕ್ಕ ಒಂದು, ಏರದೆ ಇಳಿಯದೆ ಒಂದೇ ಸಮನಾಗಿ ಕಾಡಿನ ಕಡೆಗೆ ಹೋಗಿದ್ದವು. ನಡುವೆ, ನಾವು ಇಳಿದಿದ್ದ ದಾರಿ ಹಾಯುವ ಕಡೆ, ಎರಡು ಕಲ್ಲು ಇರಬೇಕಾದ ಜಾಗದಲ್ಲಿ ಮುಳ್ಳಿನ ಗುಡ್ಡೆಗಳಿದ್ದವು. ದಾರಿ ಬದಿಯ ಹುಣಸೆಮರಗಳಿಗೆ ಟಾರಿನಲ್ಲಿ ನಂಬರು ಬರೆದಿದ್ದರು. ಕೆಳಗಡೆ ಬೀಚನಹಳ್ಳಿಯಲ್ಲಿ ಅಣೆಕಟ್ಟು ಏಳುತ್ತಿರುವ ಸುದ್ದಿ ನಮಗೂ ಗೊತ್ತಿತ್ತು. ಅಪ್ಪ ಮೊದಲ ದಿನವೇ ಕೇಳಿದ್ದರು. "ಅದೆಲ್ಲಿ, ಇದೆಲ್ಲಿ!" ಎಂದು ಮಾವ ನಕ್ಕುಬಿಟ್ಟಿದ್ದರು. ನೀರು ನಿಲ್ಲುವ ಮಟ್ಟಕ್ಕೆ ಕಲ್ಲು ನೆಟ್ಟಿದ್ದರು. ಊರಿನ ಹೆಂಚುಗಳೆಲ್ಲ ಆ ಕಲ್ಲುಗಳಿಗಿಂತ ಬಹಳ ಕೆಳಗಿದ್ದವು.

ಗಂಡು ಅಲ್ಲೇ, ಮೊದಲ ದಿನ ನಮಗೆ ತೋರಿಸದಿದ್ದ ಹೊಲದಲ್ಲಿ ಹುರುಳಿ ಕೀಳುತ್ತಿದ್ದ. ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿದ.

"ಆನೆ ಎಲ್ಲಿ?" ಎಂದೆ.

ಅವನು ಕಲ್ಲಿನ ಸಾಲಿನ ಕಡೆ ಗದ್ದ ಎತ್ತಿದ. "ಅಗೋ, ಸಾಲಾಗಿ ನಿಂತವಲ್ಲ."

"ತಮಾಸೆ ಬ್ಯಾಡ. ಊರಿಗೂರೇ ಸೇರ್ಕಂಡು ಸುಳ್ಳು ಹೇಳಿದ್ರಲ್ಲ."

"ಕಲ್ಲು ನೆಟ್ಟ ಮ್ಯಾಲೆ ನಮ್ಮೂರಿಗೆ ಒಂದು ಹೆಣ್ಣೂ ಬಂದಿಲ್ಲ. ಮೊದಮೊದಲು ಬಂದೋರು ಈ ದಾರೀಲೇ ಬತ್ತಿದ್ರು. ಈ ತಿರುವಿಗೆ ಬಂದು, ಕಲ್ಲು ನೋಡಿ, ಕಾಲೂ ತೊಳೀದಂಗೆ ವಾಪಸ್ ಹೋಯ್ತಿದ್ರು. ಅದಕ್ಕೇ ಊರೋರು ಗುಡ್ಡದ ದಾರಿ ಸವರಿದ್ರು. ಮಾರಿಗುಡೀಲಿ ಕೂತಿದ್ರಲ್ಲ, ಅವರೆಲ್ಲ ನನ್ನ ಹಿಂದೆ ಕಾಯ್ತಾ ಅವ್ರೆ. ನನ್ನದಾದ್ರೆ ತಮ್ಮದೂ ಆಯ್ತದೆ ಅಂತ."

"ನೀವಾದ್ರೂ ಹೇಳಬಹುದಿತ್ತು."

"ಹೇಳಬೇಕಿತ್ತು" ಎಂದು ಮತ್ತೆ ಹುರುಳಿಗೆ ಬಗ್ಗಿದ. ಅದು ನಾಚಿಕೆಯೋ ನಾಟಕವೋ ಎಂದು ನಾನು ಬಸ್ಸು ಹತ್ತುವವರೆಗೂ ಅಳೆಯುತ್ತಲೇ ಇದ್ದೆ.

ಅಪ್ಪ ಕೇಳಿ ಕೆಂಡವಾದರು. ಮಾವನ ಮನೆಗೆ ಹೋಗಿ ಬಾಗಿಲಲ್ಲೇ ಬೈದು ಬಂದರು. ಸಂಬಂಧ ಮುರಿಯಿತು ಎಂದರು. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು.

"ಅಪ್ಪಯ್ಯ, ಬ್ಯಾರೆ ಯಾವೂರಿಗೆ ಕೊಟ್ರೂ ಅಲ್ಲಿ ಅತ್ತೆಗೆ ಬಾವಿ ಹಳೇದು, ನೆರೆಯೋರು ಹಳಬ್ರು, ನಾನೊಬ್ಬಳೇ ಹೊಸಬಳು. ಇಲ್ಲಿ ಊರೇ ಎದ್ದು ಹೋದ್ರೆ ಅತ್ತೇನೂ ನನ್ನಂಗೇ ಹೊಸಬಳು. ಅದಕ್ಕೆ ನಂಗೆ ಭಯ ಇಲ್ಲ. ಸುಳ್ಳಿಗೆ ಭಯ. ಇವತ್ತು ಆನೆ ಅಂದೋರು ನಾಳೆ ಇನ್ನೇನಂತಾರೋ. ಮದುವೆ ಆಗೋರು ಒಬ್ಬರೇ ಬಂದು ಮಾತಾಡ್ಲಿ."

ಹೇಳಿಕಳಿಸಿದೆವು. ಬರಲಾರ ಎಂದೇ ನಾನು ಅಂದುಕೊಂಡಿದ್ದೆ. ಗುರುವಾರ ಮಧ್ಯಾಹ್ನ ಬಂದ, ಒಬ್ಬನೇ. ಜಗಲಿಯ ತುದಿಯಲ್ಲಿ ಕೂತ. ಅಪ್ಪ ಪೊಲೀಸಿನವರ ಹಾಗೆ ಕೇಳುತ್ತಾ ಹೋದರು. ಎಷ್ಟು ಹೊಲ ಮುಳುಗುತ್ತದೆ? ಎಲ್ಲಾ. ಮನೆ? ಅದೂ. ನೀರು ಯಾವಾಗ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬಾಗಿಲ ಹಿಂದಿನಿಂದ ಅಕ್ಕ ಕೇಳಿದಳು: "ಬದಲಿಗೆ ಜಮೀನು ಎಲ್ಲಿ ಕೊಡ್ತಾರಂತೆ?"

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಣಸೂರು ಎಂದಿದ್ದರೂ ಪಿರಿಯಾಪಟ್ಟಣ ಎಂದಿದ್ದರೂ ನಿಜವೋ ಸುಳ್ಳೋ ಎಂದು ನಮಗೆ ತಿಳಿಯುವ ದಾರಿ ಇರಲಿಲ್ಲ. ಒಳ್ಳೆಯ ಊರಿನ ಹೆಸರೊಂದು ಹೇಳಿದ್ದರೆ ಅಪ್ಪ ಅರ್ಧ ತಣ್ಣಗಾಗುತ್ತಿದ್ದರು. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ.

"ಗೊತ್ತಿಲ್ಲ" ಎಂದ.

ಅಪ್ಪ ಎದ್ದು ಒಳಗೆ ಹೋದರು. ನಾನೂ ಹಿಂದೆ ಹೋದೆ. "ನೋಡ್ದಾ? ಗೊತ್ತಿಲ್ಲ ಅನ್ನೋನಿಗೆ ಹೆಣ್ಣು ಕೊಡದಾ?" ಎಂದು ಅಪ್ಪ ಪಿಸುಗುಟ್ಟಿದರು.

"ಗೊತ್ತು ಅಂದಿದ್ರೆ ನಾನೇ ಬ್ಯಾಡ ಅಂತಿದ್ದೆ ಕಣಪ್ಪ" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಕೈ ತೊಳಿಯಕ್ಕೆ ನೀರು ಕೊಡು ಅವರಿಗೆ. ಊಟಕ್ಕಿಕ್ತೀನಿ" ಎಂದಳು.