ಎರಡನೆಯ ಸಂಸಾರ ಬಂದ ದಿನ

ನಾನು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿ ಬರುತ್ತಿದ್ದೆ. ಆಟಕ್ಕಲ್ಲ, ಹಸಿವಿಗೂ ಅಲ್ಲ. ಮನೆ ಇನ್ನೂ ನಮ್ಮ ಪಾಲಿಗಿದೆಯೋ ಇಲ್ಲವೋ ನೋಡುವುದಕ್ಕೆ.

ಮಂಕಿಯ ಕಡಲ ದಂಡೆಯಲ್ಲಿ ತೆಂಗಿನ ಗರಿ ಹೆಣೆದು ಹೊದಿಸಿದ ನಮ್ಮದೊಂದು ಮಡಲಿನ ಮನೆ ಇತ್ತು. ಒಂದು ಮಳೆಗಾಲದಲ್ಲಿ ಸಮುದ್ರ ಉಕ್ಕಿ ಬಂದು ಅದನ್ನು ಎಳೆದುಕೊಂಡು ಹೋಯಿತು. ಅಪ್ಪ ಹೊನ್ನಾವರದಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಕೆಲಸ ಸಿಕ್ಕಿತು, ಇರಲು ಜಾಗ ಸಿಗಲಿಲ್ಲ. ಮೊದಲು ಬಸ್ ಸ್ಟ್ಯಾಂಡಿನಲ್ಲಿ ಮಲಗಿದೆವು, ಅಲ್ಲಿಂದ ಎಬ್ಬಿಸಿದ ಮೇಲೆ ಒಂದು ಶಾಲೆಯ ಜಗಲಿಯಲ್ಲಿ. ಅಲ್ಲೇ ನಮ್ಮನ್ನು ಅಕ್ಕೋರು ನೋಡಿದ್ದು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಶಾಲೆಯ ಬೀಗ ತೆಗೆಯಲು ಬೇಗ ಬಂದಿದ್ದ ಅವರು, ಅಪ್ಪ, ಅಮ್ಮ, ಅಕ್ಕ, ನಾನು ಒಂದೇ ಚಾದರದೊಳಗೆ ಮಲಗಿದ್ದನ್ನು ಕಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅದೇ ವಾರ ತಮ್ಮ ಜೊತೆಯ ಶಿಕ್ಷಕರನ್ನು ದುಡ್ಡು ಕೂಡಿಸಲು ಒಪ್ಪಿಸಿ, ಬಜಾರದ ಹಿಂದೆ ಎರಡು ಕೋಣೆಯ ಹಂಚಿನ ಮನೆಯೊಂದನ್ನು ನಮಗಾಗಿ ಬಾಡಿಗೆಗೆ ಹಿಡಿದರು. ಸಂಸ್ಥೆ, ಸಮಿತಿ ಎಂದು ಏನೂ ಇರಲಿಲ್ಲ. ಅಕ್ಕೋರು ಇದ್ದರು, ಎರಡು ಕೋಣೆ ಇದ್ದವು, ನಾವಿದ್ದೆವು.

ಮನೆಯ ಯಜಮಾನರನ್ನು ಎಲ್ಲರೂ ಒಡೆಯರು ಎನ್ನುತ್ತಿದ್ದರು. ಅವರದು ಒಂದೇ ಷರತ್ತು. ಮನೆಯಲ್ಲಿ ಒಂದು ಸಂಸಾರ ಮಾತ್ರ ಇರಬೇಕು. ಇನ್ನೊಬ್ಬರು ಬಂದರೆ ಎಲ್ಲರೂ ಹೊರಗೆ.

ಆ ವರ್ಷ ಮಳೆಗಾಲ ತೆರೆಯುವ ಮಿರ್ಗದ ಮಳೆ ತಡವಾಗಿತ್ತು. ಅದೊಂದು ಭಾನುವಾರ. ಗಾಳಿ ಪೂರ್ತಿ ನಿಂತಿತ್ತು, ಮೈಗೆ ಅಂಗಿ ಅಂಟುತ್ತಿತ್ತು, ಕಡಲಿನ ಮೇಲೆ ಆಕಾಶ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಅಕ್ಕೋರು ಕುಮಟೆಗೆ ಹೋಗಿದ್ದರು. ಮಳೆಗೆ ಮುಂಚೆ ಹಂಚು ನೋಡಿಸಲು ಮಧ್ಯಾಹ್ನ ಬರುತ್ತೇನೆಂದು ಒಡೆಯರು ಹೇಳಿ ಕಳಿಸಿದ್ದರು. ಅಮ್ಮ ಬೆಳಿಗ್ಗೆಯಿಂದ ಎರಡು ಸಲ ಅಂಗಳ ಗುಡಿಸಿದ್ದಳು. ಒಣಮೀನು ಸುಟ್ಟರೆ ವಾಸನೆ ನಿಲ್ಲುತ್ತದೆಂದು ಬರೀ ಗಂಜಿ ಮಾಡಿದ್ದಳು.

ಆಗ ಬಾಗಿಲ ಬಳಿ ಒಬ್ಬ ಗಂಡಸಿನ ದನಿ ಕೇಳಿತು.

"ಅಕ್ಕೋರ ಮನೆ ಇದೇ ಅಲ್ದಾ? ಲಾಂಚಿನಲ್ಲಿ ಯಾರೋ ಹೇಳಿದ್ರು. ಮನೆ ಇಲ್ದೋರಿಗೆ ಜಾಗ ಕೊಡ್ತಾರಂತೆ."

ಆಗಿನ್ನೂ ಶರಾವತಿಗೆ ಸೇತುವೆ ಇರಲಿಲ್ಲ. ತೆಂಗಿನಗುಂಡಿಯಿಂದ ಹೊರಟು ಲಾಂಚಿನಲ್ಲಿ ಹೊಳೆ ದಾಟಿ ಬಂದವರು ಅವರು. ಗಂಡ, ಹೆಂಡತಿ, ನನ್ನಷ್ಟೇ ದೊಡ್ಡ ಹುಡುಗಿ, ಸೊಂಟದ ಮೇಲೊಂದು ಕೂಸು. ಹೆಂಗಸಿನ ಸೀರೆಯ ಅಂಚು ದಂಡೆಯ ಮರಳು, ಹೊಯ್ಗೆ, ಮೆತ್ತಿ ಬೆಳ್ಳಗಾಗಿತ್ತು. ಅವಳು ನಮ್ಮ ಮುಖ ನೋಡುತ್ತಿರಲಿಲ್ಲ, ಕೂಸಿನ ಒಣಗಿದ ತುಟಿಯನ್ನೇ ನೋಡುತ್ತಿದ್ದಳು.

ಅಮ್ಮ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಳು. ಅಕ್ಕ ಹಿಂದಿನಿಂದ ಅವಳ ಸೆರಗು ಜಗ್ಗಿ ಪಿಸುಗುಟ್ಟಿದಳು, "ಅಮ್ಮಾ, ಒಡೆಯರು ಬರು ಹೊತ್ತಾತು."

"ಕೂಸಿಗೆ ಎಂತ ಆಗದೆ?" ಅಮ್ಮ ಆ ಹೆಂಗಸನ್ನು ಕೇಳಿದಳು.

"ನಿನ್ನೆಯಿಂದ ಜ್ವರ. ಹಾಲೂ ಕುಡೀತಿಲ್ಲ."

"ಒಳಗೆ ಬನ್ನಿ. ಮುಂದಿಂದು ಆಮೇಲೆ ನೋಡುವ."

ಅವರು ಒಳಗೆ ಬಂದರು. ಗಂಜಿ ಎಲ್ಲರ ತಟ್ಟೆಗೂ ಹೋಯಿತು. ಆ ಹುಡುಗಿ ಒಂದು ತುತ್ತು ಉಂಡು ಬಾಗಿಲು ನೋಡುವಳು, ನಾನೂ ಬಾಗಿಲು ನೋಡುವೆ.

ಅಪ್ಪ ಊಟಕ್ಕೆ ಬಂದವನು ಹೊಸ್ತಿಲಲ್ಲೇ ನಿಂತ. "ಇದೆಂತ ಮಾಡ್ದೆ? ಮಳೆ ತಲೆ ಮೇಲದೆ" ಎಂದ.

"ಬಾಗಿಲು ಹಾಕ್ಬೇಕು ಅಂದ್ಕಂಡೆ. ಕೈ ಬರ್ಲಿಲ್ಲ" ಎಂದಳು ಅಮ್ಮ.

ಅಷ್ಟರಲ್ಲಿ ಆ ಗಂಡಸೇ ಎದ್ದು, "ಒಡೆಯರು ಬಂದು ಹೋಗುತನಕ ನಾವು ಹಿತ್ತಲಲ್ಲಿರ್ತೇವೆ" ಎಂದ. ಹಿತ್ತಲಲ್ಲಿ ಸೌದೆಯ ಮಾಡು ಇತ್ತು, ಸೌದೆ ಒಟ್ಟುವ ಚಿಕ್ಕ ಗುಡಿಸಲಿನ ಹಾಗೆ. ನಾಲ್ವರೂ ಅದರೊಳಗೆ ಹೋಗಿ ಕುಳಿತರು.

ಒಡೆಯರು ಒಡೆದ ಹಂಚು ತೆಗೆದು ಸರಿಮಾಡುವವನನ್ನು ಕರೆದುಕೊಂಡು ಬಂದರು. ಅವನು ಏಣಿ ಹತ್ತಿ ಮನೆಯ ಮಾಡಿನ ಮೇಲೆ ಹೋದ. ತಲೆಯ ಮೇಲೆ ಹಂಚು ಕಟಕಟ ಎನ್ನುತ್ತಿತ್ತು. ಸದ್ದು ಹಿತ್ತಲ ಕಡೆಗೆ ಸರಿದಷ್ಟೂ ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಒಡೆಯರು ಚೊಂಬಿನ ನೀರು ಕುಡಿದು, "ಮನೆ ಚೊಕ್ಕ ಇಟ್ಕಂಡೀರಿ" ಎಂದು ಅಮ್ಮನನ್ನು ಹೊಗಳಿದರು. ಇನ್ನೇನು ಎದ್ದು ಹೊರಡಬೇಕು, ಸೌದೆಯ ಮಾಡಿನಿಂದ ಕೂಸು ಕೆಮ್ಮಿತು. ಆಮೇಲೆ ಸಣ್ಣಗೆ ಅಳತೊಡಗಿತು.

"ಅದ್ಯಾರ ಕೂಸು?"

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಸುಳ್ಳು ಹೇಳಲಿಲ್ಲ. "ಈಗ ಸ್ವಲ್ಪ ಮುಂಚೆ ಬಂದ್ರು ಒಡೆಯರೆ. ತೆಂಗಿನಗುಂಡಿಯವ್ರು. ಅವ್ರಿಗೂ ಮನೆ ಇಲ್ಲ."

ಒಡೆಯರ ಮುಖ ಕೆಂಪಾಯಿತು. "ನಾ ಮೊದಲೇ ಹೇಳಿದ್ನಲ್ಲ? ಇವತ್ತು ಎರಡು, ನಾಳೆ ನಾಕು. ಇದು ಧರ್ಮಛತ್ರ ಅಲ್ಲ. ಅವ್ರನ್ನ ಈಗಲೇ ಕಳಿಸಿದ್ರೆ ನೀವು ಇರ್ಬಹುದು."

ಹಿತ್ತಲ ಬಾಗಿಲಲ್ಲಿ ಆ ಗಂಡಸು ಬಂದು ನಿಂತಿದ್ದ. "ಜಗಳ ಬೇಡ, ನಾವು ಹೋಗ್ತೇವೆ" ಎಂದು ಮಗಳ ಕೈ ಹಿಡಿದ. ಅಪ್ಪ 'ಆತು' ಎಂದುಬಿಟ್ಟರೆ ಸಾಕಿತ್ತು, ಮನೆ ಉಳಿಯುತ್ತಿತ್ತು. ಅದನ್ನೇ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಅಪ್ಪ ಬಗ್ಗಿ ಚಾಪೆ ಸುತ್ತತೊಡಗಿದ.

"ಜ್ವರದ ಕೂಸನ್ನ ಹೊರಗೆ ಹಾಕಿ ನಾವು ಒಳಗೆ ಮಲಗುದು ಹೆಂಗೆ?" ಎಂದ. "ಎಲ್ಲರೂ ಹೋಗ್ತೇವೆ ಒಡೆಯರೆ."

ಪಾತ್ರೆ, ಚಾಪೆ, ಬಟ್ಟೆಯ ಗಂಟು, ಎಲ್ಲ ತಲೆಗೇರಿತು. ಬೀದಿಗೆ ಬರುವಾಗ ಗುಡುಗು ಸುರುವಾಗಿತ್ತು. ಅಕ್ಕ ಅಳುತ್ತಿದ್ದಳು. ಬಜಾರದ ತುದಿಯಲ್ಲಿ ಕುಮಟೆಯ ಬಸ್ಸಿನಿಂದ ಅಕ್ಕೋರು ಇಳಿಯುತ್ತಿದ್ದರು. ನಮ್ಮನ್ನು ಕಂಡು ಅವರ ಮುಖ ಬಿಳಿಚಿತು. ಅಮ್ಮ ನಡೆದದ್ದನ್ನೆಲ್ಲ ಹೇಳಿ, "ನೀವು ಕೊಟ್ಟ ಮನೆ ಕಳ್ದೆ" ಎಂದಳು. ಅಕ್ಕೋರು ಬೈಯಲಿಲ್ಲ. ಕೂಸಿನ ಹಣೆ ಮುಟ್ಟಿ ನೋಡಿ ತಮ್ಮ ಕೊಡೆಯನ್ನು ಅದರ ತಾಯಿಯ ಕೈಗೆ ಕೊಟ್ಟರು.

"ನಡೀರಿ. ಸಂದಿಯಲ್ಲಿ ಬೇಡ, ಬಜಾರದ ನಡುವೆಯೇ ಹೋಗುವ."

ಹಾಗೆ ನಡೆದೆವು. ಅಂಗಡಿಯವರೆಲ್ಲ ಎದ್ದು ನೋಡಿದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ದರ್ಜಿ ಕೇಳಿದ, "ಎಂತ ಆತು ಅಕ್ಕೋರೆ? ಇವ್ರನ್ನೆಲ್ಲ ಎಲ್ಲಿಗೆ ಕರ್ಕಂಡು ಹೊರಟ್ರಿ?"

"ಗೊತ್ತಿಲ್ಲ. ಮನೆ ಹುಡುಕ್ತಿದ್ದೇವೆ" ಎಂದರು ಅಕ್ಕೋರು. ಚಹಾದಂಗಡಿಯವನಿಗೂ ಅದನ್ನೇ ಹೇಳಿದರು. ಬಳೆಯಂಗಡಿಯ ಅಜ್ಜಿಗೂ ಅದನ್ನೇ. ಯಾರೂ ಜಾಗ ಇದೆ ಎನ್ನಲಿಲ್ಲ. ಬಜಾರ ಮುಗಿಯುತ್ತ ಬಂತು. ದಪ್ಪ ಹನಿಗಳು ಬಿದ್ದು ಮಣ್ಣಿನ ವಾಸನೆ ಎದ್ದಿತು. ಕೊನೆಯದು ಕೊಬ್ಬರಿ ವ್ಯಾಪಾರಿಯ ಅಂಗಡಿ. ಅವರು ಬಾಗಿಲ ಹಲಗೆ ಹಾಕುತ್ತಿದ್ದವರು ನಿಲ್ಲಿಸಿದರು.

"ಮಳೆಗಾಲದಲ್ಲಿ ನನ್ನ ಗೋದಾಮು ಖಾಲಿ ಬಿದ್ದಿರ್ತದೆ. ಎಣ್ಣೆ ವಾಸನೆ, ಇಲಿ ಕಾಟ. ಆಗ್ತದಾ?"

"ಆಗ್ತದೆ" ಎಂದವಳು ನನ್ನ ಅಮ್ಮ. ಅಕ್ಕೋರಿಗಿಂತ ಮೊದಲು ಅವಳೇ ಹೇಳಿಬಿಟ್ಟಳು.

ನಾವು ಒಳಹೊಕ್ಕ ಮೇಲೆ ಮಳೆ ಧೋ ಎಂದು ಸುರಿಯಿತು. ಕಂಬದಿಂದ ಕಂಬಕ್ಕೆ ಸೀರೆ ಕಟ್ಟಿ ಒಂದು ಗೋದಾಮನ್ನು ಎರಡು ಮನೆ ಮಾಡಿದರು. ದರ್ಜಿ ಚಾದರಗಳನ್ನು ತಂದ. ಚಹಾದಂಗಡಿಯವನು ಡಾಕ್ಟರನ್ನು ಕರೆತಂದ. ಕೂಸಿನ ಜ್ವರ ಇಳಿಯುವವರೆಗೆ ನಮ್ಮಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಇನ್ನೂ ಸಂಸಾರಗಳು ಬಂದವು. ಸೀರೆಯ ಗೋಡೆಗಳು ಹೆಚ್ಚಿದವು. ಬಜಾರದವರೇ ಸೇರಿ ಸಮಿತಿ ಮಾಡಿದರು. ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ಇಡಬಾರದು ಎಂಬುದು ಅಕ್ಕೋರ ಹಟ. ಕೆಲವು ವರ್ಷಗಳ ನಂತರ ಕುಮಟೆಯಲ್ಲಿಯೂ ಮನೆ ಇಲ್ಲದವರಿಗಾಗಿ ಒಂದು ಮನೆಯಾಯಿತು, ಅಕ್ಕ ದೊಡ್ಡವಳಾಗಿ ಅಲ್ಲಿಯೇ ಕೆಲಸಕ್ಕೆ ನಿಂತಳು. ಗೋದಾಮಿನ ಜಾಗದಲ್ಲಿ ಗಟ್ಟಿ ಕಟ್ಟಡ ಎದ್ದಿತು. ಒಡೆಯರು ಕಡೆಯವರೆಗೂ ಆ ಕಡೆ ತಿರುಗಿ ನೋಡಲಿಲ್ಲ. ನಮಗೂ ಒಂದು ದಿನ ಸ್ವಂತದ ಸೂರಾಯಿತು. ಈಗ ಭಟ್ಕಳದಲ್ಲಿಯೂ ಅಂಥದೇ ಹೊಸ ಮನೆ ತೆರೆದಿದೆ. ಹೋದ ಭಾನುವಾರ ನಿಮ್ಮನ್ನು ಕರೆದುಕೊಂಡು ಹೋದೆನಲ್ಲ ಮಕ್ಕಳೇ, ಅದೇ.

ನಿಮಗೆ ನಿಮ್ಮದೇ ಕೋಣೆ ಇದೆ, ಫ್ಯಾನಿನ ಕೆಳಗೆ ಯಾರು ಮಲಗಬೇಕೆಂದು ಜಗಳವಾಡುತ್ತೀರಿ. ಆಡಿ, ಮಕ್ಕಳು ಜಗಳವಾಡಬೇಕಾದದ್ದು ಅಂಥದಕ್ಕೇ. ಆದರೆ ಭಟ್ಕಳದ ಆ ಮನೆಯಲ್ಲಿ ನೀವು ಎಷ್ಟು ಕರೆದರೂ ಒಬ್ಬ ಹುಡುಗ ಆಟಕ್ಕೆ ಬರಲಿಲ್ಲ, ಅವನಿಗೆ ಜಂಭ ಎಂದು ದಾರಿಯುದ್ದಕ್ಕೂ ಮುನಿಸಿಕೊಂಡಿರಿ. ಜಂಭವಲ್ಲ ಮಕ್ಕಳೇ. ತಾನು ಅಂಗಳಕ್ಕಿಳಿದರೆ ಹಿಂದೆ ಆ ಬಾಗಿಲು ಮುಚ್ಚಿಹೋದೀತೆಂದು ಅವನಿಗೆ ಹೆದರಿಕೆ. ಬರುವ ಭಾನುವಾರ ಮತ್ತೆ ಹೋಗೋಣ. ಚೆಂಡು ತೆಗೆದುಕೊಳ್ಳಿ. ದೂರ ಹೋಗಬೇಡಿ, ಅವನಿಗೆ ಬಾಗಿಲು ಕಾಣುವಷ್ಟು ಹತ್ತಿರದಲ್ಲೇ ಆಡಿ.