ಅಕ್ಕ ಹೊಲಿದದ್ದು, ನಾನು ಕೊಂಡದ್ದು

ಮಂಗಳೂರಿನಲ್ಲಿ ನನ್ನನ್ನು ಎದುರುಗೊಂಡ ಮೊದಲ ಪ್ರಶ್ನೆ, "ಮದುವೆ ಎಲ್ಲಿ?"

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಗದಗಿನಿಂದ ಹೊರಟ ಬಸ್ಸಿಳಿದು, ಆಟೋ ಹಿಡಿದು, ಉರ್ವದ ಒಂದು ಮನೆಯ ಗೇಟಿನ ಮುಂದೆ ಸೂಟ್‌ಕೇಸ್ ಇಟ್ಟುಕೊಂಡು ನಿಂತಿದ್ದೆ. ಒಳಗಿನಿಂದ ಮನೆಯೊಡತಿ ಸರೋಜಕ್ಕ ಬಂದರು. ಮೈಮೇಲೆ ನೈಟಿ, ಹೆಗಲಿಗೊಂದು ಬೈರಾಸು. ಟವೆಲ್ಲಿಗೆ ಇಲ್ಲಿ ಹಾಗೆನ್ನುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದೆಂತ ಮಾರಾಯ್ತಿ, ರೂಮಿಗೆ ಬಂದದ್ದಾ, ಮದುವೆಗೆ ಬಂದದ್ದಾ? ಮದುವೆ ಎಲ್ಲಿ?"

ನಾನು ಕುಂಕುಮ ಬಣ್ಣದ ಚೂಡಿದಾರ ಹಾಕಿಕೊಂಡಿದ್ದೆ. ಕತ್ತಿನ ಸುತ್ತ ಜರಿ, ತೋಳಿಗೆ ಲೇಸು, ಅಂಚಿಗೆ ಹಸಿರು ಪಟ್ಟಿ, ಒಳಗೆ ಲೈನಿಂಗ್. ಬೆವರಿನಲ್ಲಿ ಅದು ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮ ಕಡೆ ಏಪ್ರಿಲ್ ಬಿಸಿಲು ಸುಡುತ್ತದೆ, ಆದರೆ ನೆರಳಿಗೆ ಹೋದರೆ ಮೈ ಒಣಗುತ್ತದೆ. ಇಲ್ಲಿ ನೆರಳಿನಲ್ಲಿಯೂ ಬೆವರು. ಸ್ನಾನ ಮಾಡಿ ಹೊರಗೆ ಬಂದವರು ಒರೆಸಿಕೊಳ್ಳುವ ಮೊದಲೇ ಮತ್ತೆ ಒದ್ದೆಯಾಗುವ ಊರು ಇದೆಂದು ಯಾರೂ ನನಗೆ ಹೇಳಿರಲಿಲ್ಲ.

"ನಮ್ಮಕ್ಕ ಹೊಲ್ದಾಳ್ರೀ" ಎಂದೆ.

ಅದು ನಿಜವಾದ ಉತ್ತರವೇ. ಅವ್ವ ತೀರಿಕೊಂಡಾಗ ನಾನು ಎರಡನೇ ಇಯತ್ತೆ, ಗೌರಕ್ಕ ಕಾಲೇಜಿಗೆ ಸೇರಬೇಕಾದ ಹುಡುಗಿ. ಅವಳು ಕಾಲೇಜು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತಳು. ಓಣಿಯವರ ಬ್ಲೌಸು, ಲಂಗ ಹೊಲಿದು ಉಳಿದ ಹೊತ್ತಿನಲ್ಲಿ ನನ್ನ ಫ್ರಾಕು, ನನ್ನ ಶಾಲೆಯ ಸಮವಸ್ತ್ರ, ನನ್ನ ಚೂಡಿದಾರ ಎಲ್ಲವನ್ನೂ ಹೊಲಿದಳು. ಎರಡು ಓಣಿ ಆಚೆ ಮದುವೆಯಾಗಿ ಹೋದ ಮೇಲೂ ಅದು ನಿಲ್ಲಲಿಲ್ಲ. ಅಂಗಡಿಯಲ್ಲಿ ಬಟ್ಟೆ ಆರಿಸುವವಳು ಅವಳು, ಬಣ್ಣ ಹೇಳುವವಳು ಅವಳು, ಲೇಸು ಎಲ್ಲಿ ಬರಬೇಕೆಂದು ತೀರ್ಮಾನಿಸುವವಳೂ ಅವಳೇ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ನನಗೆ ಕೆಲಸ ಸಿಕ್ಕಿದ ಸುದ್ದಿ ಕೇಳಿದ ದಿನದಿಂದ, ಅತ್ತೆ ಮಲಗಿದ ಮೇಲೆ ಕುಳಿತು ಆರು ಜತೆ ಹೊಸ ಬಟ್ಟೆ ಹೊಲಿದಳು. "ದೊಡ್ಡ ಊರಿಗೆ ಹೊಂಟಿ. ಯಾರೂ ನಿನ್ನ ಕಡಿಮಿ ಮಾಡಿ ನೋಡಬಾರದು" ಎಂದು ಸೂಟ್‌ಕೇಸಿನಲ್ಲಿ ತಾನೇ ಜೋಡಿಸಿಟ್ಟಳು.

ಬಜಪೆಯ ಆ ವಿಮಾನ ನಿಲ್ದಾಣದಲ್ಲಿ ನನ್ನ ಕೆಲಸ ಚೆಕ್-ಇನ್ ಕೌಂಟರಿನದು. ಅಲ್ಲಿ ಸಮವಸ್ತ್ರ ಕೊಟ್ಟರು: ಬಿಳಿ ಅಂಗಿ, ಕಡುನೀಲಿ ಪ್ಯಾಂಟು. ಇಪ್ಪತ್ತಮೂರು ವರ್ಷಕ್ಕೆ ಮೊದಲ ಸಲ ಪ್ಯಾಂಟು ಹಾಕಿಕೊಂಡೆ. ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯಲ್ಲಿ ಕಂಡವಳ ಕಾಲುಗಳು ಇಷ್ಟು ಉದ್ದ ಇವೆಯೆಂದೇ ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ನನ್ನ ಕೈಗಳು ತಾವಾಗಿಯೇ ಜೇಬಿಗೆ ಇಳಿದಿದ್ದವು. ದುಪಟ್ಟಾ ಸರಿಪಡಿಸುವ ಕೆಲಸವಿಲ್ಲದ ಕೈಗಳಿಗೆ ಅಷ್ಟು ಬಿಡುವಿತ್ತು. ಸಂಜೆ ಮತ್ತೆ ಅಕ್ಕನ ಚೂಡಿದಾರ ತಲೆಯ ಮೇಲಿಂದ ಎಳೆದುಕೊಳ್ಳುವಾಗ ಮನಸ್ಸು ಸ್ವಲ್ಪ ಹಿಂಜರಿಯಿತು. ಯಾಕೆಂದು ನನ್ನನ್ನೇ ಕೇಳಿಕೊಳ್ಳಲು ಹೆದರಿದೆ.

ಊರು ನಿಧಾನವಾಗಿ ಒಗ್ಗಿತು. ಕುಚ್ಚಲಕ್ಕಿಯ ಅನ್ನ ಮೊದಲು ಗಂಟಲಲ್ಲಿ ನಿಲ್ಲುತ್ತಿತ್ತು, ರೊಟ್ಟಿ ಇಲ್ಲದ ಊಟ ಊಟವೆನ್ನಿಸುತ್ತಿರಲಿಲ್ಲ. ಸರೋಜಕ್ಕ "ಒಣಸ್ ಆಂಡಾ?" ಎಂದು ಕೇಳಿದರೆ ಅದು ಊಟ ಆಯಿತೇ ಎಂಬ ಪ್ರಶ್ನೆಯೆಂದು ತಿಳಿಯಲು ವಾರ ಹಿಡಿಯಿತು. ಬಸ್ಸಿನಲ್ಲಿ ನಾನು ಬಾಯಿ ಬಿಟ್ಟ ಕೂಡಲೇ "ನೀವು ಘಟ್ಟದ ಮೇಲಿನವರಾ?" ಎನ್ನುತ್ತಿದ್ದರು. ಕೆಲವೊಮ್ಮೆ ಬಾಯಿ ಬಿಡಬೇಕಾಗಿಯೂ ಇರಲಿಲ್ಲ, ಬಟ್ಟೆಯೇ ಹೇಳುತ್ತಿತ್ತು.

ಕ್ಯಾಂಟೀನಿನಲ್ಲಿ ನನಗೆ ಸಿಕ್ಕ ಗೆಳತಿ ಝೀನತ್. ಬಂದರಿನಲ್ಲಿ ಅವಳ ತಂದೆಯದು ಸಾಂಬಾರ ಪದಾರ್ಥಗಳ ಸಗಟು ಅಂಗಡಿ, ಇಬ್ಬರು ಅಣ್ಣಂದಿರು ದುಬೈಯಲ್ಲಿ. ಅವಳು ನಮ್ಮಲ್ಲಿನ ಸರಕು ವಿಭಾಗದ ಕಚೇರಿಯಲ್ಲಿದ್ದಳು. ಬುರ್ಖಾ ಹಾಕಿಕೊಂಡು ಬರುತ್ತಿದ್ದಳು. ಒಂದು ರಜೆಯ ದಿನ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಳು.

"ನಿನಗೆ ಯಾವ ಬಣ್ಣ ಇಷ್ಟ?" ಎಂದು ಕೇಳಿದಳು.

ಕುಂಕುಮ, ಸಾಸಿವೆ, ನವಿಲು ಬಣ್ಣ... ಇವೆಲ್ಲ ನನಗೆ ಗೊತ್ತಿದ್ದ ಬಣ್ಣಗಳು. ಇಷ್ಟದ ಬಣ್ಣ?

"ಅಕ್ಕನ್ನ ಕೇಳ್ಬೇಕು" ಎಂದುಬಿಟ್ಟೆ.

ಝೀನತ್ ನಗುತ್ತಾಳೆಂದುಕೊಂಡೆ. ನಗಲಿಲ್ಲ. "ನೋಡು, ನಾನು ಬುರ್ಖಾದ ಒಳಗೆ ಎಂತ ಹಾಕಿದ್ರೂ ದಾರಿಯಲ್ಲಿ ಯಾರಿಗೂ ಕಾಣುದಿಲ್ಲ. ಆದ್ರೂ ದಿನಾ ಬೆಳಿಗ್ಗೆ ನನಗೆ ಬೇಕಾದ್ದೇ ಹುಡುಕಿ ಹಾಕ್ತೇನೆ. ನನಗೆ ಗೊತ್ತುಂಟಲ್ಲ ಒಳಗೆ ಎಂತ ಉಂಟು ಅಂತ. ನಿನ್ನದು ನಿನಗೆ ಗೊತ್ತಾಗ್ಬೇಕಲ್ಲ ಮಾರಾಯ್ತಿ."

ಆ ದಿನ ಅವಳು ಮೆಚ್ಚಿದ ಬಿಗಿ ಜೀನ್ಸು ಮತ್ತು ಹೂವಿನ ಟಾಪು ಕೊಂಡೆ. ಅವಳಿಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ನನಗೆ ಮಾತ್ರ ಬೇರೆಯವರ ಮನೆಯಲ್ಲಿ ಮಲಗಿದ ಹಾಗೆ ಆಯಿತು. ಅಕ್ಕನ ಆಯ್ಕೆಯಿಂದ ತಪ್ಪಿಸಿಕೊಂಡು ಗೆಳತಿಯ ಆಯ್ಕೆಗೆ ಸಿಕ್ಕಿಬಿದ್ದಿದ್ದೆ. ಎರಡು ಸಲ ಹಾಕಿ ಎತ್ತಿಟ್ಟೆ.

ಕೌಂಟರಿನಲ್ಲಿ ಕುಳಿತು ಜನರನ್ನು ನೋಡುವುದು ಅಭ್ಯಾಸವಾಯಿತು. ಕೊಲ್ಲಿಗೆ ಹೊರಟ ಗಂಡನನ್ನು ಬೀಳ್ಕೊಡಲು ಮಿನುಗುವ ಬಟ್ಟೆಯಲ್ಲಿ ಬಂದು ಬಾಗಿಲಿನಾಚೆಯೇ ನಿಲ್ಲುವ ಹೆಂಗಸರು, ಹೊಸ ಶೂಗಳಲ್ಲಿ ಎಡವುತ್ತ ನಡೆಯುವ ಹುಡುಗರು, ಎಷ್ಟೋ ಸಲ ಹೋಗಿ ಬಂದು ಹಳೆಯ ಅಂಗಿಯಲ್ಲೇ ಆರಾಮಾಗಿರುವವರು. ಒಂದು ದಿನ ನಡುವಯಸ್ಸಿನ ಹೆಂಗಸೊಬ್ಬರು ಬಂದರು. ಬೂದುನೀಲಿ ಬಣ್ಣದ ಸಡಿಲವಾದ ಹತ್ತಿಯ ಅಂಗಿ, ತೋಳು ಮಡಚಿದ್ದರು. ಜರಿಯಿಲ್ಲ, ಹೂವಿಲ್ಲ, ಏನೂ ಇಲ್ಲ. ಅವರು ಪಾಸ್‌ಪೋರ್ಟ್ ತೆಗೆದುಕೊಂಡು ಹೋದ ಮೇಲೂ ನನ್ನ ಕಣ್ಣು ಆ ಅಂಗಿಯ ಹಿಂದೆಯೇ ಹೋಯಿತು. ಇಂಥದ್ದು ನನಗೆ ಬೇಕು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಅಂಥದ್ದೇ ಒಂದು ಹುಡುಕಿ ಕೊಂಡೆ. ಆಮೇಲೆ ಬಿಳಿಯದು, ಆಮೇಲೆ ಮಣ್ಣಿನ ಬಣ್ಣದ್ದು. ನೇರವಾದ ಪ್ಯಾಂಟು, ಜೇಬು ಇರಲೇಬೇಕು. ನನಗೆ ಬರಿಯ ಬಟ್ಟೆ ಇಷ್ಟ, ಅಲಂಕಾರ ಇಷ್ಟವಿಲ್ಲ. ಗಾಳಿಯಾಡುವುದು ಇಷ್ಟ, ಮಿನುಗುವುದು ಇಷ್ಟವಿಲ್ಲ ಎಂದು ತಿಳಿಯುತ್ತ ಹೋಯಿತು. "ಪೊರ್ಲು ಉಂಟು" ಎಂದರು ಸರೋಜಕ್ಕ. ಪೊರ್ಲು ಎಂದರೆ ತುಳುವಿನಲ್ಲಿ ಚೆಂದ. ಅದನ್ನು ಕೇಳಿ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಆರು ಜತೆ ನೆನಪಾಗಿ ಖುಷಿ ಬತ್ತಿತು. ರಾತ್ರಿಯೆಲ್ಲ ಬಗ್ಗಿ ಹೊಲಿದು ಅಕ್ಕ ತಂದುಕೊಂಡ ಬೆನ್ನುನೋವಿನ ಎದುರು ನನ್ನ ಇಷ್ಟ ಯಾವ ದೊಡ್ಡದು?

ಅಕ್ಕನಿಗೆ ಹೇಳಲಾಗಲಿಲ್ಲ. ಅವಳು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಮೊದಲ ರಿಂಗಿಗೇ ನಾನು ಓಡಿಹೋಗಿ ನನ್ನ ಅಂಗಿಯ ಮೇಲೆ ಅವಳ ಚೂಡಿದಾರದ ಟಾಪು ಎಳೆದುಕೊಳ್ಳುತ್ತಿದ್ದೆ. ಕೆಳಗೆ ಪ್ಯಾಂಟು, ಮೇಲೆ ಜರಿ. ಫೋನು ಎದೆಯ ಮಟ್ಟಕ್ಕೆ ಹಿಡಿದರೆ ಸಾಕು.

"ಸಾಸಿವಿ ಬಣ್ಣ ನಿನಗ ಎಷ್ಟ ಒಪ್ಪತೈತಿ ನೋಡು" ಎನ್ನುತ್ತಿದ್ದಳು. ಅವಳ ತಲೆಯ ಮೇಲೆ ಸೆರಗು, ಮೈಮೇಲೆ ಮಾಸಿದ ಬಣ್ಣದ ಸೀರೆ. ನಾನು ನಗುತ್ತಿದ್ದೆ. ಫೋನು ಇಟ್ಟ ಮೇಲೆ ಆ ಟಾಪನ್ನು ಕಳಚಿ, ಕಳ್ಳತನ ಮಾಡಿ ಸಿಕ್ಕಿಬೀಳದೆ ಹೊರಬಂದವಳ ಹಾಗೆ ಬೇಗಬೇಗ ಮಡಚಿ ಕಪಾಟಿಗೆ ಸೇರಿಸುತ್ತಿದ್ದೆ.

ಡಿಸೆಂಬರಿನಲ್ಲಿ ಓಣಿಯ ಹೆಂಗಸರು ಧರ್ಮಸ್ಥಳಕ್ಕೆ ಹೊರಟರು. ಅಕ್ಕ ಅವರ ಜೊತೆ ಬಂದವಳು, ಅತ್ತೆಯ ಅಪ್ಪಣೆ ಪಡೆದು ಎರಡು ದಿನ ನನ್ನ ಹತ್ತಿರ ಉಳಿದಳು. ಅವಳು ಬರುವ ದಿನ ಕುಂಕುಮ ಬಣ್ಣದ್ದು ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಅವಳ ಮುಖ ಅರಳಿತು. ಮನೆಗೆ ಬಂದು, ಸರೋಜಕ್ಕ ಕೊಟ್ಟ ನೀರುದೋಸೆ ತಿನ್ನುತ್ತ ಕುಳಿತಿದ್ದಾಗ ಅವರು ತುಂಬು ಪ್ರೀತಿಯಿಂದ ಹೇಳಿದರು:

"ನಿಮ್ಮ ತಂಗಿಯ ಹಾಗೆ ಯಾರೂ ಇಲ್ಲ ಮಾರಾಯ್ರೆ. ನಿಮ್ಮ ಫೋನ್ ಬಂದ ಕೂಡ್ಲೆ ಓಡಿಹೋಗಿ ನೀವು ಹೊಲಿದ ಅಂಗಿ ಹಾಕ್ತಾಳೆ. ಮಾತಾಡಿ ಆದ ಮೇಲೆ ತೆಗೆದು ಮಡಚಿ ಇಡ್ತಾಳೆ. ಅಷ್ಟು ಜೋಪಾನ!"

ಅಕ್ಕ ಕೈಯಲ್ಲಿದ್ದ ತುಂಡನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. "ಹೌದ್ರಿ, ಸಣ್ಣಾಕಿ ಇದ್ದಾಗಿಂದ ಹಂಗ ಅದಾಳ" ಎಂದಳು. ನನ್ನ ಕಡೆ ನೋಡಲಿಲ್ಲ.

ಕೋಣೆಗೆ ಬಂದ ಮೇಲೆ ಬಾಗಿಲು ಹಾಕಿ ಕೇಳಿದಳು. "ದಿನಾ ಏನ ಹಾಕ್ಕೊಂತಿ? ತೋರಸು."

ತೋರಿಸಿದೆ. ಅವಳು ಬೂದುನೀಲಿ ಅಂಗಿಯನ್ನು ಒಳಗು ಹೊರಗು ಮಾಡಿ ನೋಡಿದಳು. ಬಯ್ಯುತ್ತಾಳೆಂದು ಕಾದೆ, ಅಳುತ್ತಾಳೆಂದು ಕಾದೆ.

"ಇದು ನಿನಗ ಸೇರತೈತೇನು?"

"ಹೂಂ."

"ಅದು?" ನಾನು ತೊಟ್ಟಿದ್ದರ ಕಡೆ ಬೆರಳು ಮಾಡಿದಳು.

"ಅಕ್ಕಾ, ಇಲ್ಲಿ ಬೆವರು..." ಎಂದು ಶುರುಮಾಡಿದೆ.

"ಬೆವರಿನ ಮಾತ ಬ್ಯಾಡ. ಸೇರತೈತೋ ಇಲ್ಲೋ?"

"ಇಲ್ಲ" ಎಂದೆ.

ಅಕ್ಕ ಮಂಚದ ಮೇಲೆ ಕುಳಿತಳು. ಅಂಗಿಯ ಗುಂಡಿಗಳನ್ನು ಹಾಕುತ್ತ ಬಿಚ್ಚುತ್ತ ಇದ್ದಳು. ಆಮೇಲೆ, ನನಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು. "ಅಂಗಡ್ಯಾಗ ಬಟ್ಟಿ ನೋಡಿದ್ರ ನನಗ ಆಸಿ ಆಗತಿತ್ತು ನೀಲೂ. ಇದು ಹಾಕ್ಕೋಬೇಕು, ಅದು ಹಾಕ್ಕೋಬೇಕು ಅಂತ. ಅತ್ತಿ ಮನ್ಯಾಗ ನಾ ಚೂಡಿದಾರ ಹಾಕ್ಕೊಂಡು ಓಡಾಡಾಕ ಆಗತೈತೇನು? ಹಂಗಾಗಿ ನಿನಗ ಹೊಲೀತಿದ್ದೆ. ನಿನಗ ಏನ ಬೇಕು ಅಂತ ನಾನೂ ಒಂದ ದಿನ ಕೇಳಲಿಲ್ಲ ನೋಡು."

ನಾನು ಬಟ್ಟೆ ಬದಲಿಸಿದೆ. ಕುಂಕುಮ ಬಣ್ಣದ್ದನ್ನು ಅವಳ ತೊಡೆಯ ಮೇಲಿಟ್ಟೆ. "ಹಾಕ್ಕೋ" ಎಂದೆ. "ಹುಚ್ಚಿ" ಎಂದಳು. ನಾನು ಬಾಗಿಲ ಹೊರಗೆ ನಿಂತೆ.

ಕರೆದಾಗ ಒಳಗೆ ಹೋದರೆ, ನನ್ನ ಅಕ್ಕ ಕನ್ನಡಿಯ ಮುಂದಿದ್ದಳು. ನನ್ನ ಬಟ್ಟೆಗಳನ್ನು ಅವಳು ಯಾವಾಗಲೂ ಒಂದಿಷ್ಟು ಸಡಿಲವಾಗಿಯೇ ಹೊಲಿಯುತ್ತಿದ್ದಳು, ಅವಳಿಗದು ಅಳತೆ ತೆಗೆದ ಹಾಗೆ ಕೂತಿತ್ತು. ನನ್ನ ಮೈಮೇಲೆ ಭಾರವಾಗಿ ಕಾಣುತ್ತಿದ್ದ ಜರಿ, ಅವಳ ಕತ್ತಿನ ಸುತ್ತ ಹಗುರವಾಗಿತ್ತು. ಎದ್ದು ಕಾಣುವ ಬಣ್ಣ ಅವಳದು. ನಾನು ಅದನ್ನು ಇಷ್ಟು ವರ್ಷ ಹೊತ್ತಿದ್ದೆ, ಅಷ್ಟೇ.

ಸಂಜೆ ಇಬ್ಬರೂ ಪಣಂಬೂರಿನ ಸಮುದ್ರ ದಂಡೆಗೆ ಹೋದೆವು. ಬಸ್ಸಿನಲ್ಲಿ ಯಾರೂ ಅವಳನ್ನು ತಿರುಗಿ ನೋಡಲಿಲ್ಲ. ಅದೇ ಅವಳಿಗೆ ದೊಡ್ಡ ಆಶ್ಚರ್ಯ. "ಯಾರೂ ಏನೂ ಅನ್ನಂಗಿಲ್ಲಲಾ" ಎಂದು ಪದೇಪದೇ ಹೇಳಿದಳು. ಸಲ್ವಾರಿನ ಅಂಚು ಎತ್ತಿ ಹಿಡಿದು ಅಲೆಗಳಲ್ಲಿ ನಡೆದಳು. ದುಪಟ್ಟಾ ಗಾಳಿಗೆ ಹಾರಿದರೂ ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ನಾನು ಫೋಟೋ ತೆಗೆಯಲು ಹೋದರೆ ಕೈ ಅಡ್ಡ ಹಿಡಿದಳು.

"ಫೋಟೋ ಬ್ಯಾಡ. ಮನ್ಯಾಗ ಯಾರರ ನೋಡ್ಯಾರು."

ಮರುದಿನ ಅದನ್ನು ಒಗೆದು, ಒಣಗಿಸಿ, ಮಡಚಿ ನನ್ನ ಕಪಾಟಿನಲ್ಲೇ ಇಟ್ಟು, ಸೀರೆ ಉಟ್ಟುಕೊಂಡು ಬಸ್ ಹತ್ತಿದಳು. ಮೊದಲೆಲ್ಲ ಅವಳು ಹೊಲಿದದ್ದನ್ನು ತೊಡಲಿಲ್ಲವೆಂಬ ತಪ್ಪಿತಸ್ಥ ಭಾವ ನನ್ನನ್ನು ಕಾಡುತ್ತಿತ್ತು. ಈಗ ಅದಕ್ಕಿಂತ ದೊಡ್ಡದು ಬಂದು ಕೂತಿತು. ನನಗೆ ಇಡೀ ಊರು ಸಿಕ್ಕಿತ್ತು, ನನ್ನನ್ನು ಓದಿಸಿದವಳಿಗೆ ಒಂದು ಸಂಜೆ.

ಮೊನ್ನೆ ಸಂಬಂಧಿಕರ ಮನೆಯ ಕೂಸಿಗೆ ತೊಟ್ಟಿಲ ಕಾರ್ಯವಿತ್ತು, ಗದಗಿಗೆ ಹೋಗಿದ್ದೆ. ಏನು ಹಾಕಿಕೊಂಡು ಬರಲಿ ಎಂದು ಅಕ್ಕನಿಗೆ ಫೋನಿನಲ್ಲಿ ಕೇಳಿದೆ. "ನಿನಗ ಸೇರೂದನ್ನ ಹಾಕ್ಕೊಂಡ ಬಾ" ಎಂದಳು. ಬಿಳಿ ಅಂಗಿ, ಮಣ್ಣಿನ ಬಣ್ಣದ ಪ್ಯಾಂಟು ಹಾಕಿಕೊಂಡು ಹೋದೆ. ಪಡಸಾಲೆಯ ತುಂಬ ಸೀರೆ, ಜರಿ, ಹೂವು. ಅಲ್ಲಿ ಕಾಲಿಟ್ಟ ಕೂಡಲೇ ನಾನು ಯಾರೋ ಬೇರೆ ಊರಿನವಳೆಂದು ನನಗೇ ಅನ್ನಿಸಿತು. ನಮ್ಮ ಚಿಗವ್ವ, ಅವ್ವನ ತಂಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

"ಏನವಾ ಮಂಗಳೂರಾಕಿ, ಗಂಡಸರ ಅಂಗಿ ಹಾಕ್ಕೊಂಡ ಬಂದೀ? ಗೌರವ್ವ ಹೊಲ್ದು ಕೊಡೂದು ಬಿಟ್ಟಾಳೇನು?"

ಹೆಂಗಸರು ನಕ್ಕರು. ಅಕ್ಕನ ಅತ್ತೆ ನಗಲಿಲ್ಲ, ನೋಡುತ್ತ ಕುಳಿತಿದ್ದರು. ಅಕ್ಕ ಎಲೆ ಅಡಿಕೆಯ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದಳು. ತಟ್ಟೆಯನ್ನು ಕೆಳಗಿಟ್ಟು ನೇರವಾಗಿ ನನ್ನ ಹತ್ತಿರ ಬಂದಳು.

"ಯಾಕ ಬಿಡಲಿ ಚಿಗವ್ವಾ? ಇದನ್ನೂ ನಾನ ಹೊಲ್ದೀನಿ. ಅಲ್ಲಿ ಸೆಕಿ ಬಾಳ. ಅಲ್ಲಿಗೆ ಹಿಂಗ ಬೇಕಾಗತೈತಿ."

ಹೇಳುತ್ತ ಹೇಳುತ್ತ ನನ್ನ ಕಾಲರು ಸರಿಮಾಡಿದಳು. ಹಿಂದೆ ಕತ್ತಿನ ಹತ್ತಿರ ಅಂಗಡಿಯ ಲೇಬಲ್ಲು ಹೊರಗೆ ಇಣುಕಿತ್ತು. ಅದನ್ನು ಬೆರಳಿನಿಂದ ಒಳಗೆ ತಳ್ಳಿದಳು.

"ಹೌದೇನ ನೀಲವ್ವ?" ಚಿಗವ್ವ ನನ್ನನ್ನೇ ಕೇಳಿದಳು.

"ಹೌದು. ಅಕ್ಕ ಹೊಲ್ದಾಳ" ಎಂದೆ.

"ಹಂಗಾದ್ರ ನಮ್ಮ ಹುಡುಗಿಗೂ ಇಂಥಾದ್ದೊಂದು ಹೊಲ್ದು ಕೊಡವಾ" ಎಂದಳು ಚಿಗವ್ವ. ಅಕ್ಕ ಆಗಲಿ ಎಂದು ತಲೆಯಾಡಿಸಿ, ಸೆರಗು ಎಳೆದುಕೊಂಡು ತಟ್ಟೆಯೊಂದಿಗೆ ಮುಂದಿನವರ ಹತ್ತಿರ ಹೋದಳು.

ಈ ಅಂಗಿ ಎಲ್ಲಿಯದೆಂದು ಮಂಗಳೂರಿನಲ್ಲಿ ಯಾರಾದರೂ ಕೇಳಿದರೆ ಹಂಪನಕಟ್ಟೆಯ ಅಂಗಡಿಯ ಹೆಸರು ಹೇಳುತ್ತೇನೆ. ಗದಗಿನಲ್ಲಿ ಕೇಳಿದರೆ ಅಕ್ಕನ ಹೆಸರು. ಮೊದಲನೆಯದು ನಿಜ. ಎರಡನೆಯದು ಸುಳ್ಳೆಂದು ಹೇಳಲು ನನ್ನಿಂದ ಆಗುವುದಿಲ್ಲ.