ಹಚ್ಚೊಳ್ಳಿಗೆ ಒಯ್ದ ಬುತ್ತಿ

ಆ ದಿನ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಯಜಮಾನರ ಅಂಗಿಗೆ ಇಸ್ತ್ರಿ ಹಾಕಿ, ಕ್ಯಾರಿಯರ್‌ಗೆ ಚಿತ್ರಾನ್ನ, ಮೊಸರನ್ನ ತುಂಬಿದೆ. ಫ್ಲಾಸ್ಕಿಗೆ ಕಾಯಿಸಿ ಆರಿಸಿದ ನೀರು. ಹೋದ ಮನೆಯವರಿಗೆ ತೊಂದರೆ ಕೊಡಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ನನಗೆ ರೂಢಿಯೇ ಆಗಿಹೋಗಿತ್ತು.

ಹೊರಟಿದ್ದು ಹಚ್ಚೊಳ್ಳಿಗೆ. ಶಾಲೆಯ ಶಿಬಿರವೊಂದರಲ್ಲಿ ನನ್ನ ಮಗಳು ಶೀಲಾಳಿಗೆ ಗೆಳತಿಯಾದ ಲಕ್ಷ್ಮಿ ಆ ಊರಿನವಳು. ಹತ್ತನೆಯ ತರಗತಿ ಪಾಸಾಗಿದ್ದಳು. ಬಳ್ಳಾರಿಯ ನಮ್ಮ ಮನೆಯಲ್ಲಿದ್ದು ಕಾಲೇಜು ಓದಲಿ ಎಂದು ನಮ್ಮ ಆಸೆ. ತಾಯಿಯಿಲ್ಲದ ಅವಳನ್ನು ಸಾಕಿದ ಅಜ್ಜಿ ಮಾತ್ರ ಒಪ್ಪಿರಲಿಲ್ಲ. ಕಾಲೇಜಿಗೆ ಸೇರಲು ಮರುದಿನವೇ ಕೊನೆ.

ನಿಲ್ದಾಣದಲ್ಲಿ ಕುರುಗೋಡಿನ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಸಿರುಗುಪ್ಪದ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಟಿಕೆಟ್ಟು ಮೂರು ರೂಪಾಯಿ. ತೆಕ್ಕಲಕೋಟೆಯಲ್ಲಿ ಹತ್ತಿದ ಹೆಂಗಸೊಬ್ಬಳು ತನ್ನ ಕೋಳಿಯನ್ನು ನನ್ನ ಕೈಗಿತ್ತು, "ಸ್ವಲ್ಪ ಹಿಡೀರಿ ಅಕ್ಕಾರ, ಕುಕ್ಕಂಗಿಲ್ಲ ಅದು" ಎಂದಳು. ಸಿರುಗುಪ್ಪದಲ್ಲಿ ಮುಂದಿನ ಬಸ್ಸು ತಪ್ಪಿ, ಗೊಬ್ಬರದ ಚೀಲ ಹೇರಿದ್ದ ಟ್ರ್ಯಾಕ್ಟರ್ ಏರಿದೆ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಅದರ ತಳದಲ್ಲಿ ಆಡುಗಳು ಮೇಯುತ್ತಿದ್ದವು.

ಅಜ್ಜಿ ಹುಲಿಗೆವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ಒಳಗೆ ಲಕ್ಷ್ಮಿ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ, ಮೊದ್ಲು ಬಿಸಿ ರೊಟ್ಟಿ ಉಣ್ರಿ" ಎಂದರು ಅಜ್ಜಿ.

ನಾನು ಕ್ಯಾರಿಯರ್ ಎತ್ತಿ ತೋರಿಸಿದೆ. "ತೊಂದರೆ ತಗೋಬೇಡಿ ಅಜ್ಜಿ, ನನ್ನ ಊಟ ನಾನೇ ತಂದಿದ್ದೀನಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಜ್ಜಿಯ ಕಣ್ಣು ಫ್ಲಾಸ್ಕಿನ ಮೇಲೂ ಹೋಯಿತು.

"ನೀರೂ ತಂದೀರಿ! ನಮ್ಮನ್ಯಾಗ ಒಂದ್ಹೊತ್ತು ಉಣ್ಣಾಕ ಆಗದವ್ರು, ನಮ್ಮ ಹುಡುಗೀನ ಎರಡು ವರ್ಷ ಹೆಂಗ ಉಣ್ಣಿಸ್ತೀರಿ? ಹಿತ್ತಲದಾಗ ಕುಂದ್ರಿಸಿ ಏನು?"

ನನ್ನ ಕಿವಿ ಬಿಸಿಯಾಯಿತು. ಕ್ಯಾರಿಯರನ್ನು ಅಜ್ಜಿಯ ಮುಂದಿಟ್ಟು, ಒಲೆಯ ಬಳಿ ನೆಲದ ಮೇಲೆ ಕೂತೆ. "ಇದನ್ನ ನೀವು ಉಣ್ಣಿ. ನನಗೆ ರೊಟ್ಟಿ ಹಾಕಿ."

ಪುಂಡಿಪಲ್ಯದ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಲಕ್ಷ್ಮಿ ಕೊಡದಿಂದ ಬಗ್ಗಿಸಿಕೊಟ್ಟ ನೀರನ್ನು ಗಟಗಟ ಕುಡಿದೆ. ಅಜ್ಜಿ ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಚಿತ್ರಾನ್ನದ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಲೇ ಲಕ್ಷ್ಮೀ, ಇದ್ರಾಗ ಖಾರಾನ ಇಲ್ಲಲೇ! ಹೋಗುವಾಗ ಒಂದು ಡಬ್ಬಿ ಖಾರಪುಡಿ ಕಟ್ಕೋ."

ಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅಜ್ಜಿಯನ್ನು ತಬ್ಬಿಕೊಂಡಳು. "ಏಯ್, ಸೀರಿ ಹೊಲಸಾಕ್ಕೈತಿ" ಎಂದು ಬೈದರೂ ಅಜ್ಜಿ ಅವಳನ್ನು ಬಿಡಿಸಿಕೊಳ್ಳಲಿಲ್ಲ.

ನಾವಿಬ್ಬರೂ ಬಳ್ಳಾರಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಶೀಲಾ, ಲಕ್ಷ್ಮಿ ಎದುರುಬದುರು ಕೂತು ನಗುತ್ತ ಉಂಡರು. ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಸರೋಜಮ್ಮ ಬಟ್ಟಲು ಚಾಚುತ್ತ ಅಂದರು:

"ಅಯ್ಯ, ಎಲ್ಲಾ ಒಂದ ಕಡಿ ಇಟ್ರಲ್ರಿ! ಆ ಹುಡುಗಿ ತಾಟು ಯಾವ್ದಂತ ನಾಳಿ ಹೆಂಗ ಗುರುತು ಹಿಡೀತೀರಿ?"